ಹಿಂದಿನ ಸೀಟಿನಲ್ಲಿ ಕೂತವರು

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ನಾನು ಏನಾದರೊಂದು ನೆಪ ತೆಗೆದು ಎದ್ದುಹೋಗುವವಳು. ಮೂವತ್ತೊಂದು ವರ್ಷ ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಹಾಳೆ ವಾಪಸು ಬರುತ್ತಿತ್ತು. ಅಳೆಯಲು ಬಾರದ್ದನ್ನು ನಂಬುವ ಅಭ್ಯಾಸ ನನಗೆ ಬೆಳೆಯಲೇ ಇಲ್ಲ. ದೆವ್ವದ ಕಥೆ ಹೇಳಿದ ಸೋದರಮಾವನನ್ನು ಮದುವೆ ಮನೆಯಲ್ಲಿ ಎಲ್ಲರೆದುರು ಅಡ್ಡಪ್ರಶ್ನೆ ಕೇಳಿ ಅಳಿಸಿಬಿಟ್ಟಿದ್ದೆ ಎಂದು ಈಗಲೂ ನಮ್ಮ ಬೀದರಿನ ಬಂಧುಗಳು ಆಡಿಕೊಳ್ಳುತ್ತಾರೆ.

ಈಗ ನಾನೇ ಹೇಳಲು ಕೂತಿದ್ದೇನೆ. ಇಂಥದ್ದೆಲ್ಲ ರಾತ್ರಿ ಹೊತ್ತು ನಡೆಯುತ್ತದೆ ಎಂದು ಕೇಳಿದ್ದೆ. ನನಗೆ ನಡೆದದ್ದು ಹಗಲಲ್ಲಿ, ಮೂರು ದಿನಗಳ ಕಾಲ, ನಾನು ಪೂರ್ತಿ ಎಚ್ಚರವಿದ್ದಾಗ.

ನಾವು ಮೂವರು ಗೆಳತಿಯರು. ನಾನು, ಕಲಬುರ್ಗಿಯ ಪ್ರಮೀಳಾ, ಬಾಗಲಕೋಟೆ ಕಡೆಯ ನೀಲಕ್ಕ. ಮೂವರೂ ಒಂದೇ ಕಾರ್ಖಾನೆ. ನೀಲಕ್ಕ ನಮಗಿಂತ ಏಳು ವರ್ಷ ದೊಡ್ಡವರು. ಕಾರ್ಖಾನೆಯ ಕನ್ನಡ ಸಂಘಕ್ಕೆ ಒಂದು ಕಬ್ಬಿಣದ ಕಪಾಟಿನಷ್ಟು ಪುಸ್ತಕಗಳಿದ್ದವು, ಅದರ ಕೀಲಿಕೈ ನೀಲಕ್ಕನ ಸೆರಗಿನಲ್ಲಿರುತ್ತಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ಓದುತ್ತಿದ್ದರು, ನಾವು ರೊಟ್ಟಿ ಮುರಿಯುತ್ತಾ ಕೇಳುತ್ತಿದ್ದೆವು. ಇಂಗ್ಲಿಷಿನಿಂದ ಅನುವಾದವಾದ ಹಳೆಯ ಕಾದಂಬರಿಗಳೆಂದರೆ ಅವರಿಗೆ ಪ್ರಾಣ. ಗಾಳಿ ಬೀಸುವ ಬೋಳು ಗುಡ್ಡ, ಕಲ್ಲಿನ ಮನೆ, ಮಂಜು ಇವನ್ನೆಲ್ಲ ಕಾರ್ಖಾನೆಯ ಸೈರನ್ನಿನ ನಡುವೆ ಅವರ ಬಾಯಿಂದಲೇ ನಾನು ಮೊದಲು ಕೇಳಿದ್ದು.

ಆ ಬರಹಗಾರರ ಮನೆಗಳನ್ನೂ ಆ ಗುಡ್ಡಗಳನ್ನೂ ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ನೀಲಕ್ಕನ ಆಸೆ. ಯಾವ ಊರು, ಅಲ್ಲಿ ಏನಿದೆ, ಯಾವ ಪುಸ್ತಕದಲ್ಲಿ ಬರುತ್ತದೆ ಎಂದು ಒಂದು ನೋಟುಬುಕ್ಕಿನಲ್ಲಿ ವರ್ಷಗಟ್ಟಲೆ ಬರೆದಿಟ್ಟಿದ್ದರು. ಮೂವರೂ ನಿವೃತ್ತರಾದ ಮೇಲೆ ಹೋಗುವುದು ನಿಜವೆನ್ನುವ ಹಂತಕ್ಕೆ ಬಂತು. ಪ್ರಮೀಳಾ ಗಟ್ಟಿಗಿತ್ತಿ. ರಿಂಗ್ ರೋಡಿನಲ್ಲಿ ಲಾರಿಗಳ ನಡುವೆ ಮೂವತ್ತು ವರ್ಷ ಕಾರು ಓಡಿಸಿದವಳು. ಇಂಗ್ಲೆಂಡಿನಲ್ಲೂ ನಮ್ಮ ಹಾಗೇ ಎಡಗಡೆಯಲ್ಲಿ ಹೋಗಬೇಕು, ಬಾಡಿಗೆ ಕಾರು ತೆಗೆದುಕೊಂಡರೆ ಆಯಿತು ಎಂದಳು.

ಆದರೆ ಅಷ್ಟರಲ್ಲಿ ನೀಲಕ್ಕನ ಎಡ ಮೊಣಕಾಲು ಕೆಟ್ಟಿತು. ಹೈದರಾಬಾದಿನ ಸನತ್‌ನಗರದ ಅವರ ಮನೆಯಿಂದ ರಸ್ತೆಯ ತುದಿಯ ಔಷಧಿ ಅಂಗಡಿಗೆ ಹೋಗಲು ಅರ್ಧ ಗಂಟೆ ಬೇಕಾಗುತ್ತಿತ್ತು. ಪ್ರಮೀಳಾ ಒಂದು ದಿನ ನನ್ನೊಬ್ಬಳನ್ನೇ ಕರೆದು ಹೇಳಿದಳು: "ಅಕ್ಕನ್ನ ಕರಕೊಂಡು ಹೋದ್ರ ದಿನಕ್ಕ ಒಂದ್ ಜಾಗಾನೂ ಆಗೂದಿಲ್ಲ. ನಾವಿಬ್ಬರು ಹೋಗಿ ಬಂದ್ ಬಿಡೂಣು." ನಾನು ಬೇಡ ಎನ್ನಲಿಲ್ಲ. ಸುಳ್ಳು ಹೇಳುವ ಕೆಲಸ ನನಗೇ ಬಂತು. ವೀಸಾ ಸಿಗಲಿಲ್ಲ ಎಂದೆ. ಅದರ ಬದಲು ಪುಣೆಯಲ್ಲಿ ಪ್ರಮೀಳಾನ ಮಗಳ ಮನೆಗೆ ಎರಡು ವಾರ ಹೋಗಿಬರುತ್ತೇವೆ ಎಂದೆ.

"ಹೋಗ್ಲಿ ಬಿಡು," ಎಂದರು ನೀಲಕ್ಕ. "ಮುಂದಿನ ವರ್ಷ ಹೋಗೂಣಂತ. ಅಷ್ಟರಾಗ ನನ್ನ ಕಾಲೂ ಜರಾ ಸುಧಾರಸ್ತದ."

ಅದಕ್ಕೂ ಒಂದು ವಾರ ಮೊದಲು ಅವರ ನೋಟುಬುಕ್ಕನ್ನು ಓದಿ ಕೊಡುತ್ತೇನೆಂದು ತಂದು, ಪುಟಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದುಕೊಂಡು ವಾಪಸು ಕೊಟ್ಟಿದ್ದೆ. ಇದನ್ನು ಮುಚ್ಚಿಟ್ಟರೆ ಮುಂದಿನದಕ್ಕೆ ಅರ್ಥವಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಸಾಮಾನಿನ ವಿಷಯದಲ್ಲಿ ಪ್ರಮೀಳಾ ಕಟ್ಟುನಿಟ್ಟು. ಒಬ್ಬೊಬ್ಬರಿಗೆ ಒಂದೇ ಬೆನ್ನುಚೀಲ, ಏಳು ಕಿಲೋ ದಾಟಬಾರದು, ದಿನಕ್ಕೊಂದು ಊರು ಬದಲಿಸುವವರು ಪೆಟ್ಟಿಗೆ ಎಳೆದುಕೊಂಡು ತಿರುಗಲು ಆಗುವುದಿಲ್ಲ ಎಂದಳು. ನಾನು ಎರಡು ಪ್ಯಾಂಟು, ಮೂರು ಕುರ್ತಾ, ಒಂದು ಸ್ವೆಟರು, ಮಾತ್ರೆಯ ಡಬ್ಬಿ, ಶೇಂಗಾ ಹಿಂಡಿ ಚಟ್ನಿಯ ಪೊಟ್ಟಣ ಇಟ್ಟುಕೊಂಡೆ. ಒಂದೂ ಪುಸ್ತಕ ಇಟ್ಟುಕೊಳ್ಳಲಿಲ್ಲ. ಅಡುಗೆಮನೆಯ ತೂಕದ ಮೇಲೆ ಚೀಲವನ್ನು ನಾಲ್ಕು ಸಲ ಇಟ್ಟು ಇಳಿಸಿದೆ. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಸುತ್ತಲಿನವರು ದೊಡ್ಡ ದೊಡ್ಡ ಪೆಟ್ಟಿಗೆಗಳಿಗೆ ಹಗ್ಗ ಬಿಗಿಸುತ್ತಿದ್ದಾಗ ನಾವಿಬ್ಬರೂ ಕೈಬೀಸಿಕೊಂಡು ನಡೆದೆವು. ಆದರೆ ನನಗೆ ಒಂದು ತರಹದ ಕಸಿವಿಸಿ ಶುರುವಾಗಿತ್ತು. ಏನೋ ಬಿಟ್ಟುಬಂದಿದ್ದೇನೆ ಎಂದು ಚೀಲವನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದೆ. ಎಲ್ಲವೂ ಇತ್ತು.

ಇಂಗ್ಲೆಂಡಿನ ಮೊದಲ ಎರಡು ದಿನ ಏನೂ ಆಗಲಿಲ್ಲ. ಮಂಗಳವಾರ ಉತ್ತರದ ಒಂದು ಸಣ್ಣ ಊರಿನಲ್ಲಿ ಚಹದ ಅಂಗಡಿಗೆ ಹೋದೆವು. ನಾವು ಎರಡು ಚಹ ಹೇಳಿದ್ದೆವು. ಅಂಗಡಿಯಾಕೆ ಮೂರು ಕಪ್ಪು ತಂದಿಟ್ಟು, ಮೂರನೆಯದನ್ನು ಖಾಲಿ ಕುರ್ಚಿಯ ಮುಂದೆ ಸರಿಸಿ ಹೋದಳು. ಏನೋ ಕೈತಪ್ಪು ಎಂದು ನಾವು ನಕ್ಕು ಅದನ್ನೂ ಹಂಚಿಕೊಂಡು ಕುಡಿದೆವು.

ಬುಧವಾರ ಒಬ್ಬ ಕಾದಂಬರಿಕಾರ್ತಿ ಬಾಳಿ ಬದುಕಿದ ಮನೆಗೆ ಹೋದೆವು. ನೀಲಕ್ಕನ ನೋಟುಬುಕ್ಕಿನಲ್ಲಿ ಆ ಊರಿನ ಹೆಸರಿಗೆ ಎರಡು ಗೆರೆ ಎಳೆದಿತ್ತು. ಬಾಗಿಲಲ್ಲಿ ಟಿಕೆಟು ನೋಡುವ ಮುದುಕ ನಮ್ಮನ್ನು ಒಳಗೆ ಬಿಟ್ಟು, ನಮ್ಮ ಬೆನ್ನ ಹಿಂದೆ ನೋಡುತ್ತಾ, ಮೇಲಿನ ಕೋಣೆಗಳಿಗೆ ಮೆಟ್ಟಿಲು ಕಡಿದಾಗಿವೆ, ನಿಮ್ಮ ಜೊತೆಯವರಿಗೆ ಕಷ್ಟವಾದರೆ ಕೆಳಗೆ ಊಟದ ಕೋಣೆಯಲ್ಲೇ ಕೂರಬಹುದು, ಅಲ್ಲಿ ಬೆಂಚಿದೆ ಎಂದ. ನಾನು ತಿರುಗಿ ನೋಡಿದೆ. ಅಂಗಳದಲ್ಲಿ ಯಾರೂ ಇರಲಿಲ್ಲ. ನಾವು ಇಬ್ಬರೇ ಎಂದೆ. ಅವನು ಕ್ಷಮೆ ಕೇಳಿದ, ಆದರೆ ಅವನ ಮುಖದಲ್ಲಿ ತಪ್ಪು ಮಾಡಿದವನ ಕಳೆ ಇರಲಿಲ್ಲ, ನಾನೇ ಸುಳ್ಳು ಹೇಳುತ್ತಿರುವಂತೆ ನೋಡಿದ.

ಆ ಮನೆಯಲ್ಲಿ ನನಗೆ ಏನೂ ಸರಿಯಾಗಿ ಕಾಣಿಸಲಿಲ್ಲ. ಮೇಜು, ಶಾಯಿ ಕುಡಿಕೆ, ಪುಟ್ಟ ಅಕ್ಷರದ ಕಾಗದಗಳು ಎಲ್ಲವನ್ನೂ ಬೇಗಬೇಗ ದಾಟಿ ಹೊರಗೆ ಬಂದೆ. ಪ್ರಮೀಳಾನೂ ನನ್ನ ಹಿಂದೆಯೇ ಬಂದಳು. ಕಾರು ಹತ್ತಿ ಹೊರಟ ಕೂಡಲೇ ಟಿಣ್ ಟಿಣ್ ಎಂದು ಸದ್ದು ಶುರುವಾಯಿತು. ಹಿಂದಿನ ಸೀಟಿನಲ್ಲಿ ಯಾರೋ ಬೆಲ್ಟು ಹಾಕಿಲ್ಲ ಎಂದು ಕೆಂಪು ದೀಪ ತೋರಿಸುತ್ತಿತ್ತು. ಸೀಟಿನ ಮೇಲೆ ಒಂದು ಕರವಸ್ತ್ರ ಕೂಡ ಇರಲಿಲ್ಲ. ಚೀಲಗಳೆರಡೂ ಡಿಕ್ಕಿಯಲ್ಲಿದ್ದವು. ಪ್ರಮೀಳಾ ಕಾರನ್ನು ಬದಿಗೆ ನಿಲ್ಲಿಸಿ ಸೀಟನ್ನು ತಟ್ಟಿದಳು, ಒತ್ತಿದಳು, ಬಾಗಿಲನ್ನು ತೆಗೆದು ಹಾಕಿದಳು. ಸದ್ದು ನಿಲ್ಲಲಿಲ್ಲ. ಕೊನೆಗೆ ಸಿಟ್ಟಿಗೆದ್ದು ಎಡಗಡೆಯ ಖಾಲಿ ಸೀಟಿನ ಬೆಲ್ಟನ್ನು ಎಳೆದು ಸಿಕ್ಕಿಸಿದಳು. ಸದ್ದು ಥಟ್ಟನೆ ನಿಂತಿತು.

"ಖರಾಬ್ ಆಗೇತಿ, ಬಾಡಿಗಿ ಗಾಡಿ ಹಿಂಗ," ಎಂದಳು. ನಾನೂ ಹಾಗೇ ಅಂದುಕೊಂಡೆ. ಕಾರಿನಲ್ಲಿ ಇಂಥ ದೋಷ ಬರುವುದು ಸಹಜ. ಆದರೆ ಅಲ್ಲಿಂದ ಮುಂದೆ ಎರಡು ಗಂಟೆಯ ದಾರಿಯಲ್ಲಿ ನಾವಿಬ್ಬರೂ ಕನ್ನಡಿಯಲ್ಲಿ ಆ ಬಿಗಿದ ಬೆಲ್ಟನ್ನು ನೋಡುತ್ತಾ ಹೋದೆವು. ಅವಳು ನೋಡುವುದು ನನಗೆ ತಿಳಿಯುತ್ತಿತ್ತು, ನಾನು ನೋಡುವುದು ಅವಳಿಗೂ ತಿಳಿಯುತ್ತಿತ್ತು. ನೀಲಕ್ಕನ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಗುರುವಾರ ಮಧ್ಯಾಹ್ನ ಗುಡ್ಡ ಹತ್ತಲು ಹೋದೆವು. ಮೇಲೆ ಒಂದು ಪಾಳು ಮನೆ ಇದೆ, ನೀಲಕ್ಕ ಊಟದ ಬಿಡುವಿನಲ್ಲಿ ಎರಡೆರಡು ಸಲ ಓದಿ ಹೇಳಿದ ಕಾದಂಬರಿಯ ಮನೆ ಅದೇ ಎನ್ನುತ್ತಾರೆ. ಹುಲ್ಲಿನ ನಡುವೆ ಒಂದೇ ಕಾಲುದಾರಿ. ಜಿನುಗು ಮಳೆ, ಮಂಜು. ಅರ್ಧ ದಾರಿಯಲ್ಲಿ ನಾಯಿಯೊಂದಿಗೆ ಒಬ್ಬ ಮನುಷ್ಯ ಇಳಿದು ಬರುತ್ತಿದ್ದ. ನಮ್ಮನ್ನು ನೋಡಿ ನಿಂತು, ನಿಮ್ಮ ಗೆಳತಿ ಮೇಲೆ ತಿರುವಿನ ಕಲ್ಲಿನ ಮೇಲೆ ಕೂತಿದ್ದಾರೆ, ಸುಧಾರಿಸಿಕೊಳ್ಳುತ್ತಿದ್ದಾರೆ, ಇನ್ನೆಷ್ಟು ದೂರ ಎಂದು ಕೇಳಿದರು ಎಂದ.

ಹೇಗಿದ್ದಾರೆ ಎಂದು ಕೇಳಿದೆ. ಬಿಳಿ ಕೂದಲು, ನಿಮ್ಮ ದೇಶದವರೇ, ಎಡ ಮೊಣಕಾಲನ್ನು ಉಜ್ಜಿಕೊಳ್ಳುತ್ತಿದ್ದರು ಎಂದು ಹೇಳಿ ಅವನು ಹೊರಟುಹೋದ.

ನಾನು ಓಡಿದೆ. ಅರವತ್ತೆರಡನೆಯ ವಯಸ್ಸಿನಲ್ಲಿ, ಒದ್ದೆ ಹುಲ್ಲಿನ ಮೇಲೆ, ಎಷ್ಟೋ ವರ್ಷಗಳ ನಂತರ ಓಡಿದೆ. ತಿರುವಿನಲ್ಲಿ ಕಲ್ಲಿತ್ತು, ಯಾರೂ ಇರಲಿಲ್ಲ. ಮುಂದೆ ದಾರಿ ಬೋಳಾಗಿ ಕಾಣುತ್ತಿತ್ತು, ಮರವಿಲ್ಲ, ಮರೆಯಿಲ್ಲ. ಕಲ್ಲು ಮಳೆಗೆ ನೆನೆದು ಕಪ್ಪಾಗಿತ್ತು. ಅದರ ನಡುವೆ ಒಬ್ಬರು ಕೂರುವಷ್ಟು ಜಾಗ ಮಾತ್ರ ಒಣಗಿತ್ತು. ಕೈಯಿಟ್ಟು ನೋಡಿದೆ. ಅಂಗೈಗೆ ತೇವ ಹತ್ತಲಿಲ್ಲ. ನಾನು ನೋಡುತ್ತಿದ್ದಂತೆಯೇ ಅಲ್ಲೂ ಹನಿಗಳು ಬಿದ್ದು ಅದು ಮಿಕ್ಕ ಕಲ್ಲಿನಂತೆ ಕಪ್ಪಾಯಿತು.

ಹಿಂದಿನಿಂದ ಏದುಸಿರು ಬಿಡುತ್ತಾ ಬಂದ ಪ್ರಮೀಳಾ ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. "ಅಕ್ಕಗ ಏನಾರ ಆತೇನ?" ಎಂದು ಅಳಲು ಶುರುಮಾಡಿದಳು. ನನ್ನ ತಲೆಯಲ್ಲೂ ಅದೇ ಇತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಪಾಳು ಮನೆ ಇನ್ನೂರು ಹೆಜ್ಜೆ ದೂರದಲ್ಲಿ ಮಂಜಿನಲ್ಲಿ ಕಾಣುತ್ತಿತ್ತು. ನಾವು ಅದನ್ನು ನೋಡಲೇ ಇಲ್ಲ. ಕೈಕೈ ಹಿಡಿದುಕೊಂಡು ಕೆಳಗಿಳಿದೆವು.

ಊರು ತಲುಪಿ ಫೋನು ಮಾಡಿದಾಗ ಹೈದರಾಬಾದಿನಲ್ಲಿ ರಾತ್ರಿ ಊಟದ ಹೊತ್ತು. ಒಂದೇ ರಿಂಗಿಗೆ ನೀಲಕ್ಕನೇ ಎತ್ತಿದರು. ಅವರ ಧ್ವನಿ ಕೇಳಿ ಅಲ್ಲೇ ಯಾರದೋ ಮನೆಯ ಕಟ್ಟೆಯ ಮೇಲೆ ಕೂತೆ.

"ಅಕ್ಕಾ, ನಾವು ಪುಣೇದಾಗ ಇಲ್ಲರಿ."

"ಗೊತ್ತೈತಿ."

ಪ್ರಮೀಳಾ ಬಂದು ಪಕ್ಕದಲ್ಲಿ ಕೂತು ಫೋನಿಗೆ ಕಿವಿ ಹಚ್ಚಿದಳು.

"ಸೋಮವಾರ ಬಜಾರದಾಗ ಪ್ರಮೀಳಾನ ತಮ್ಮ ಸಿಕ್ಕಿದ್ದ," ಎಂದರು. "ಅಕ್ಕ ಇಂಗ್ಲೆಂಡಿಗೆ ಹೋಗ್ಯಾಳ, ನೀವ್ಯಾಕ ಹೋಗಲಿಲ್ಲ ಅಂತ ಕೇಳಿದ. ಏನ್ ಹೇಳ್ಲಿ? ಕಾಲು ನೂಸ್ತದಪ್ಪಾ ಅಂದೆ. ನಿಮಗ ನನ್ನ ಮುಂದ ಸುಳ್ಳ ಹೇಳೂ ಹಂತಾದ್ದು ಏನಿತ್ತು? ನೀವ ಹೋಗಿ ಬರ್ರಿ ಅಂತಿದ್ದೆ ನಾ. ಅವತ್ತಿಂದ ಕುಂತಲ್ಲಿ ಕುಂದ್ರಾಕ ಆಗವಲ್ದು."

"ತಪ್ಪಾತ್ರಿ ಅಕ್ಕಾ," ಎಂದೆ. ಪ್ರಮೀಳಾ ಫೋನು ಕಸಿದುಕೊಂಡು, ತಪ್ಪು ನನ್ನದು, ಅವಳದಲ್ಲ ಎಂದು ಅಳುತ್ತಾ ಹೇಳಿದಳು. ಆಮೇಲೆ ಫೋನು ನನ್ನ ಕೈಗೆ ಬಂದಾಗ ನೀಲಕ್ಕ ಕೇಳಿದರು: "ಅಲ್ಲೆ ಥಂಡಿ ಐತೇನು?"

"ಭಾಳ ಐತ್ರಿ."

"ಸ್ವೆಟರ್ ಹಾಕ್ಕೋರಿ," ಎಂದು ಫೋನು ಇಟ್ಟರು.

ಕಾರಿನ ಹತ್ತಿರ ಬಂದು ಪ್ರಮೀಳಾ ಹಿಂದಿನ ಸೀಟಿನ ಬೆಲ್ಟನ್ನು ಬಿಚ್ಚಿದಳು. ಹೊರಟೆವು. ಸದ್ದು ಬರಲಿಲ್ಲ. ಮಿಕ್ಕ ಎಂಟು ದಿನವೂ ಬರಲಿಲ್ಲ. ಎಲ್ಲಿ ಹೋದರೂ ನಮಗೆ ಎರಡೇ ಕಪ್ಪು, ಎರಡೇ ಕುರ್ಚಿ, ಯಾರೂ ನಮ್ಮ ಬೆನ್ನ ಹಿಂದೆ ನೋಡಲಿಲ್ಲ. ಇದರಿಂದ ನೆಮ್ಮದಿಯಾಯಿತು ಎಂದರೆ ಸುಳ್ಳಾಗುತ್ತದೆ. ಯಾವ ಊರಿನಲ್ಲೂ ಒಂದು ಗಂಟೆ ನಿಲ್ಲಲಾಗಲಿಲ್ಲ. ಹೋಗುವುದು, ಫೋಟೋ ತೆಗೆಯುವುದು, ಮತ್ತೆ ಕಾರು ಹತ್ತುವುದು. ನಾನೇ ಹಿಂದೆ ತಿರುಗಿ ತಿರುಗಿ ನೋಡುತ್ತಿದ್ದೆ.

ಇದಕ್ಕೆಲ್ಲ ಕಾರಣ ಹುಡುಕಿದ್ದೇನೆ. ಚಹದಾಕೆ ಬೇರೆ ಮೇಜಿನವರೊಂದಿಗೆ ನಮ್ಮನ್ನು ಬೆರೆಸಿರಬಹುದು. ಟಿಕೆಟಿನ ಮುದುಕನಿಗೆ ಕಣ್ಣು ಮಂಜಾಗಿರಬಹುದು. ಬೆಲ್ಟಿನ ತಂತಿ ಸಡಿಲವಾಗಿದ್ದು ತಾನಾಗಿಯೇ ಸರಿಹೋಗಿರಬಹುದು. ಗುಡ್ಡದಲ್ಲಿ ನಮ್ಮ ದೇಶದ ಇನ್ನೊಬ್ಬ ಹೆಂಗಸು ಇದ್ದು, ಹುಲ್ಲಿನಲ್ಲಿ ಇಳಿದು ಬೇರೆ ಕಡೆಯಿಂದ ಹೋಗಿರಬಹುದು. ಒಂದೊಂದನ್ನೇ ತೆಗೆದುಕೊಂಡರೆ ಎಲ್ಲಕ್ಕೂ ಉತ್ತರವಿದೆ. ನಾಲ್ಕನ್ನೂ ಒಟ್ಟಿಗೆ ಇಟ್ಟಾಗ ನನ್ನ ಲೆಕ್ಕ ತಪ್ಪುತ್ತದೆ. ಸತ್ತವರ ವಿಷಯವಾಗಿದ್ದರೆ ಜನ ಏನೋ ಒಂದು ಹೆಸರು ಕೊಡುತ್ತಾರೆ. ನೀಲಕ್ಕ ಆ ಮೂರು ದಿನವೂ ಸನತ್‌ನಗರದಲ್ಲಿ ಉಂಡುಕೊಂಡು, ಸೊಸೆಯ ಮೇಲೆ ರೇಗುತ್ತಾ ಗಟ್ಟಿಮುಟ್ಟಾಗಿದ್ದರು.

ಊರಿಗೆ ಬಂದ ಮರುದಿನವೇ ಅವರ ಮನೆಗೆ ಹೋದೆವು. ಬೈಯುತ್ತಾರೆ ಎಂದುಕೊಂಡಿದ್ದೆವು, ಬೈಯಲಿಲ್ಲ. ಊಟಕ್ಕೆ ಹಾಕಿದರು, ಮಾತು ಮಾತ್ರ ಅಳೆದು ಆಡಿದರು. ಫೋಟೋ ತೋರಿಸಲು ಪ್ರಮೀಳಾ ಫೋನು ತೆಗೆದಾಗ, ಕನ್ನಡಕ ಇಲ್ಲ, ಆಮೇಲೆ ನೋಡುತ್ತೇನೆ ಎಂದರು. ಆ ಆಮೇಲೆ ಬರಲೇ ಇಲ್ಲ. ನಡೆದದ್ದನ್ನು ನಾವು ಅವರಿಗೆ ಹೇಳಲಿಲ್ಲ. ಮಾಡಿದ ತಪ್ಪನ್ನು ಕಥೆ ಕಟ್ಟಿ ಮುಚ್ಚುತ್ತಿದ್ದೇವೆ ಎಂದುಕೊಂಡಾರು ಎಂಬ ಅಳುಕು.

ಮತ್ತೆ ಮೊದಲಿನಂತೆ ಆಗಲು ಹತ್ತು ತಿಂಗಳು ಹಿಡಿಯಿತು. ಹೋದ ಚಳಿಗಾಲದಲ್ಲಿ ಒಂದು ಸಂಜೆ ನಾನೇ ಧೈರ್ಯಮಾಡಿ ಕೇಳಿದೆ. ಮೂವರೂ ಹೋಗೋಣ, ದಿನಕ್ಕೆ ಒಂದೇ ಜಾಗ, ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ಸಿಗುತ್ತದೆ, ಆ ಕಾದಂಬರಿಕಾರ್ತಿಯ ಮನೆಯಿಂದಲೇ ಶುರುಮಾಡೋಣ ಎಂದೆ.

ನೀಲಕ್ಕ ಸ್ವಲ್ಪ ಯೋಚಿಸಿದರು. "ಹೋಗೂಣು," ಎಂದರು. "ಆದ್ರ ಅಲ್ಲೆ ಬ್ಯಾಡ. ಒಮ್ಮಿ ನೋಡೇವಲ್ಲ. ಬ್ಯಾರೆ ಯಾವುದಾರ ದೇಶಕ್ಕ ಹೋಗೂಣು."

ನಮ್ಮ ಕಡೆ 'ನೋಡೀರಲ್ಲ' ಎಂದರೆ ನೀವು ನೋಡಿದ್ದೀರಿ ಎಂದು, 'ನೋಡೇವಲ್ಲ' ಎಂದರೆ ನಾವು ನೋಡಿದ್ದೇವೆ ಎಂದು. ಬಾಯಿತಪ್ಪಿ ಬಂದಿರಬಹುದು. ವಯಸ್ಸಾದವರು ಮನೆಮಂದಿಯನ್ನೆಲ್ಲ ಸೇರಿಸಿಕೊಂಡು ಹಾಗೆ ಮಾತಾಡುವುದೂ ಉಂಟು. ನಾನು ಪ್ರಮೀಳಾನ ಕಡೆ ನೋಡಿದೆ, ಅವಳು ನೆಲ ನೋಡುತ್ತಿದ್ದಳು. ಕೇಳಿಬಿಡಬೇಕು ಎಂದು ಬಾಯಿ ತೆರೆದೆ. ನೀಲಕ್ಕ ಶಾಂತವಾಗಿ ನನ್ನನ್ನೇ ನೋಡುತ್ತಾ, ಕೇಳು ಎನ್ನುವಂತೆ ಕಾದರು. ನಾನು ಕೇಳಲಿಲ್ಲ.