ಸೂಜಿ ಮೇಷ್ಟ್ರ ಮುನ್ನುಡಿ

ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ ಅವರನ್ನು ಎದುರಿಗೆ ಮೇಷ್ಟ್ರು ಎಂದೂ ಬೆನ್ನ ಹಿಂದೆ ಸೂಜಿ ಮೇಷ್ಟ್ರು ಎಂದೂ ಕರೆಯುತ್ತಿದ್ದರು. ಯಾರದೇ ಅನುವಾದ ಕೈಗೆ ಸಿಕ್ಕರೆ ಸಾಕು, ಮೂಲಗ್ರಂಥವನ್ನು ಪಕ್ಕದಲ್ಲಿಟ್ಟುಕೊಂಡು ಮೊಸರಲ್ಲಿ ಕಲ್ಲು ಹುಡುಕಲು ಕೂರುವರು. ಕಲ್ಲು ಸಿಗುತ್ತಲೂ ಇತ್ತು, ಅದೇ ದೌರ್ಭಾಗ್ಯ. ಸಿಗದೆ ಹೋಗಿದ್ದರೆ ಒಳ್ಳೆಯ ಮನುಷ್ಯರಾಗಿ ಉಳಿಯುತ್ತಿದ್ದರೋ ಏನೋ.

ಹಾಗೆ ಸಿಕ್ಕವರಲ್ಲಿ ಅವರ ಹೆಂಡತಿಯ ತಂಗಿಯೂ ಒಬ್ಬಳು. ಆ ಹುಡುಗಿ ದೊಡ್ಡ ಶಾಸ್ತ್ರಗ್ರಂಥವೊಂದನ್ನು ಅನುವಾದಿಸಿದ್ದಳು. ತನಗೆ ಅರ್ಥವಾಗದ ಎರಡು ಪುಟಗಳನ್ನು, ಓದುಗರಿಗೆ ಇದು ಬೇಕಾಗಿಲ್ಲ ಎಂದುಕೊಂಡು, ಸದ್ದಿಲ್ಲದೆ ಬಿಟ್ಟಿದ್ದಳು. ತಪ್ಪೇ, ಇಲ್ಲ ಎನ್ನುವುದಿಲ್ಲ. ಭಾವನಾದವರು ಮನೆಗೆ ಕರೆದು ಹೇಳಬಹುದಿತ್ತು. ಮೇಷ್ಟ್ರು ಪತ್ರಿಕೆಯಲ್ಲಿ ಬರೆದರು. 'ಅನುವಾದಕ ಕಾವಲುಗಾರ, ಈಕೆ ಕಳ್ಳಿ' ಎಂದೇ ಬರೆದರು. ಕಾಲೇಜಿನಲ್ಲಿ ಸಿಗಬೇಕಿದ್ದ ಕೆಲಸ ಅವಳ ಕೈತಪ್ಪಿತು. ಈಗ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಿಸಿಡುತ್ತಾಳೆ. ಅಕ್ಕನ ಮನೆಯ ಹೊಸ್ತಿಲು ಮತ್ತೆ ತುಳಿಯಲಿಲ್ಲ.

ಅಕ್ಕ ಆ ಬಗ್ಗೆ ತುಟಿ ಬಿಚ್ಚಲಿಲ್ಲ. ಅದಾದ ಮೇಲೂ ಹದಿನಾರು ವರ್ಷ ಗಂಡನ ಮೇಜಿನ ಎದುರು ಕೂತಳು. ಮೇಷ್ಟ್ರು ಆಗ ತಾವೇ ಒಂದು ಮಹಾಗ್ರಂಥದ ಅನುವಾದಕ್ಕೆ ಕೈಹಾಕಿದ್ದರು. ಮನುಷ್ಯ ಮೊದಲು ಗೋಡೆ ಕಟ್ಟಿದ, ಆ ಗೋಡೆಯ ಆಸರೆಯಲ್ಲಿ ಆಮೇಲೆ ಸಂತೆ ನೆರೆಯಿತು, ಊರು ಬೆಳೆಯಿತು ಎಂದು ವಾದಿಸುವ ಪರದೇಶದ ಪಂಡಿತನೊಬ್ಬನ ದಪ್ಪ ಪುಸ್ತಕ ಅದು. ಒಂದು ಪದಕ್ಕೆ ಕೋಟೆ ಎನ್ನಲೋ, ಆವರಣ ಎನ್ನಲೋ, ಸುತ್ತುಗೋಡೆ ಎನ್ನಲೋ ಎಂದು ತಿಂಗಳುಗಟ್ಟಲೆ ತಟ್ಟೆಯ ಅನ್ನ ಆರಲು ಬಿಟ್ಟು ಕೂತಿರುತ್ತಿದ್ದರು. ಅನುವಾದ ಮುಗಿದ ಪುಟವನ್ನು ಹೆಂಡತಿ ಗಟ್ಟಿಯಾಗಿ ಓದಬೇಕು. ಒಂದು ವಾಕ್ಯ ಮುಗಿದ ಕೂಡಲೇ ಮೂಲದ ಪುಟದಲ್ಲಿ ಆ ವಾಕ್ಯದ ಪೂರ್ಣವಿರಾಮದ ಮೇಲೆ ಪೆನ್ಸಿಲಿನಿಂದ ಗುರುತು ಹಾಕಬೇಕು. ಮೂಲದ ಭಾಷೆಯ ಒಂದಕ್ಷರವೂ ಅವಳಿಗೆ ಬರುತ್ತಿರಲಿಲ್ಲ. ಆದರೆ ಯಾವ ವಾಕ್ಯವೂ ಬಿಟ್ಟುಹೋಗದ ಹಾಗೆ ಕಾಯಲು ಚುಕ್ಕಿ ಗೊತ್ತಿದ್ದರೆ ಸಾಕಿತ್ತು.

ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಪ್ರಕಾಶಕ ಈಗ ಮುದಿಯಾಗಿದ್ದ ಆ ಪಂಡಿತನಿಂದಲೇ ಹೊಸ ಮುನ್ನುಡಿ ತರಿಸಿಕೊಟ್ಟ. ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಓದಿದ ಮೇಲೆ ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡರು. ಮೂರನೆಯ ದಿನ ಮುನ್ನುಡಿಯ ಅನುವಾದ ತಂದು ಹೆಂಡತಿಯ ಮುಂದಿಟ್ಟರು. ಅವಳು ಓದಿದಳು, ಗುರುತು ಹಾಕಿದಳು.

"ಮುಗೀತು," ಎಂದರು ಮೇಷ್ಟ್ರು, ಕನ್ನಡಕ ಒರೆಸುತ್ತ.

"ಎಲ್ಲಿ ಮುಗೀತು? ಇಲ್ಲಿನ್ನೂ ಒಂದೂವರೆ ಪುಟ ಇದೆಯಲ್ಲ."

"ಅದೇನಿಲ್ಲ ಬಿಡು, ಉಪಚಾರದ ಮಾತು. ನಮ್ಮ ಓದುಗರಿಗೆ ಬೇಕಾಗಿಲ್ಲ."

ಹೆಂಡತಿ ಪೆನ್ಸಿಲು ಕೆಳಗಿಟ್ಟಳು. "ನನ್ನ ತಂಗೀನೂ ಹಾಗೇ ಅಂದ್ಕೊಂಡಿದ್ದಳು ರೀ."

ಮೇಷ್ಟ್ರು ಇದ್ದದ್ದು ಹೇಳಲೇಬೇಕಾಯಿತು. ತನ್ನ ವಾದ ಪೂರಾ ತಪ್ಪು ಎಂದು ಪಂಡಿತ ಬರೆದಿದ್ದ. ಹೊಸ ಅಗೆತಗಳಲ್ಲಿ ಗೋಡೆಗಿಂತ ಹಳೆಯ ಸಂತೆಗಳು ಸಿಕ್ಕಿವೆಯಂತೆ, ಈ ಪುಸ್ತಕವನ್ನು ಯಾರೂ ನಂಬಬಾರದಂತೆ.

"ಇದನ್ನ ಹಾಕಿದರೆ ಪುಸ್ತಕ ಹುಟ್ಟೋಕೆ ಮುಂಚೆನೇ ಸತ್ತ ಹಾಗೆ ಕಣೆ. ಹದಿನಾರು ವರ್ಷ! ನೀರಲ್ಲಿ ಹೋಮ ಮಾಡಿದ್ನಾ ನಾನು?"

"ನಾನೂ ಕೂತಿದ್ದೆನಲ್ಲ, ಹದಿನಾರು ವರ್ಷ."

"ಯಾರಿಗೂ ಗೊತ್ತಾಗಲ್ಲ. ಪ್ರಕಾಶಕನಿಗೆ ಆ ಭಾಷೆ ಬರಲ್ಲ."

"ನನ್ನ ತಂಗಿಗೆ ಬರತ್ತೆ, ಅವಳು ಅನುವಾದಿಸಿದ್ದೂ ಅದೇ ಭಾಷೆಯಿಂದಲ್ವಾ. ನೀವು ಬಿಟ್ಟರೆ ಬಿಡಿ, ನಾನೇನು ಪತ್ರಿಕೆಗೆ ಬರೆಯೋಳಲ್ಲ. ಈ ಕಾಗದ ಅವಳ ಕೈಗೆ ಕೊಟ್ಟು ಬರ್ತೀನಿ, ಅಷ್ಟೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತರಕಾರಿ ತರುತ್ತೇನೆ ಎನ್ನುವ ಹಾಗೆ ಹೇಳಿದಳು. ಮೇಷ್ಟ್ರಿಗೆ ಕಣ್ಣಲ್ಲಿ ನೀರೇ ಬಂತು. "ನಿನಗೆ ಕರುಣೆ ಇಲ್ವಾ?" ಎಂದರು. ಇರಲಿಲ್ಲ. ಅಷ್ಟು ವರ್ಷದಲ್ಲಿ ಎಂದೋ ಖಾಲಿಯಾಗಿತ್ತು.

ಮೇಷ್ಟ್ರು ಬಿಟ್ಟಿದ್ದ ಒಂದೂವರೆ ಪುಟವನ್ನೂ ಅಲ್ಲೇ ಕೂತು ಕನ್ನಡಕ್ಕೆ ತಂದರು. ಜನ್ಮದಲ್ಲಿ ಯಾವ ಪುಟಕ್ಕೂ ಒದಗದ ಮಾತುಗಳು ಅವತ್ತು ತಾವಾಗಿ ಒದಗಿ ಬಂದವು, ನಿಘಂಟು ತೆರೆಯಲೇ ಇಲ್ಲ. ಹೆಂಡತಿ ಗಟ್ಟಿಯಾಗಿ ಓದಿದಳು: "ನನಗೆ ಬೇಕಾದದ್ದನ್ನು ಮಾತ್ರ ಕಂಡೆ. ಅದನ್ನೇ ಸತ್ಯವೆಂದು ಎಲ್ಲರ ಮೇಲೂ ಹೇರಿದೆ." ಗುರುತು ಹಾಕಿ, "ಚೆನ್ನಾಗಿ ಬಂದಿದೆ ರೀ, ಇನ್ನೊಂದು ಸಲ ಓದ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಓದಿದಳು.

ಬಿಡುಗಡೆಯ ದಿನ ಸಭೆ ತುಂಬಿತ್ತು. ಸೂಜಿ ಮೇಷ್ಟ್ರು ಏನು ಹೆಣೆದಿದ್ದಾರೋ ನೋಡೋಣ ಎಂದು ಅವರಿಂದ ಚುಚ್ಚಿಸಿಕೊಂಡವರೆಲ್ಲ ಬಂದಿದ್ದರು. ಮುಖ್ಯ ಅತಿಥಿ ಎದ್ದು ನಿಂತ. "ನಿಜ ಹೇಳಿಬಿಡ್ತೀನಿ, ನಾನು ಪುಸ್ತಕ ಓದಿಲ್ಲ. ಮುನ್ನುಡಿ ಓದಿದ ಮೇಲೆ ಓದೋ ಅಗತ್ಯ ಕಾಣಲಿಲ್ಲ. ಆದರೆ ಆ ಮುನ್ನುಡಿ! ಅನುವಾದ ಅಂದರೆ ಅದು. ಮೇಷ್ಟ್ರು ಅದೊಂದನ್ನೇ ಮಾಡಿದ್ದರೂ ಸಾಕಿತ್ತು," ಎಂದ.

ಸಭೆ ನಕ್ಕು ಚಪ್ಪಾಳೆ ತಟ್ಟಿತು. ಮೇಷ್ಟ್ರು ಎದ್ದು ಕೈಮುಗಿದರು. ಎಲ್ಲರೂ ನಿಲ್ಲಿಸಿದ ಮೇಲೂ ಮುಂದಿನ ಸಾಲಿನಲ್ಲಿ ಹೆಂಡತಿ ಒಬ್ಬಳು ತಟ್ಟುತ್ತಲೇ ಇದ್ದಳು. ಅವಳು ಸಾಕು ಮಾಡುವ ತನಕ ಮೇಷ್ಟ್ರು ಮುಗಿದ ಕೈ ಇಳಿಸದೆ ನಿಂತೇ ಇರಬೇಕಾಯಿತು.