ಬೆನ್ನು ನೋಡುವ ಮೇಡಂ

ನ್ಯಾಮತಿಯ ನಮ್ಮ ಮನೆಯ ತಾರಸಿಗೆ ಎರಡೂ ಕಡೆಯಿಂದ ಕರೆಂಟು ಕೊಡುವ ಸೋಲಾರ್ ಪ್ಯಾನೆಲ್ ಹಾಕಿಸಿದಾಗ, ಅದರ ಶಕ್ತಿ ಅಳೆಯಲು ಸವಳಂಗದಿಂದ ಒಬ್ಬರು ಮೇಡಂ ಸ್ಕೂಟರಿನಲ್ಲಿ ಬರುತ್ತಿದ್ದರು. ಚಹಾ ಕೊಟ್ಟರೆ ಮೊದಲು ಲೋಟ ಎತ್ತಿ ಅದರ ತಳ ನೋಡುವರು. ಗೋಡೆಯ ಮೇಲಿದ್ದ ಅಪ್ಪನ ಮದುವೆ ಫೋಟೊವನ್ನೂ ತಿರುಗಿಸಿ ನೋಡಿದ್ದರು. ಕೇಳಿದರೆ ಒಂದೇ ಮಾತು: “ಬೆನ್ನು ನೋಡ್ದೆ ಏನೂ ಹೇಳಾಕಾಗಲ್ರೀ.”

ಪ್ಯಾನೆಲ್ಲಿನ ಬೆನ್ನಿಗೆ ಕಪ್ಪು ಬಟ್ಟೆ ಕಟ್ಟಿ ಮೊದಲು ಮುಖವೊಂದನ್ನೇ ಅಳೆಯುವರು. ಆಮೇಲೆ ಬಟ್ಟೆ ಬಿಚ್ಚಿ ಎರಡನ್ನೂ ಸೇರಿಸಿ ಅಳೆಯುವರು. ಎರಡನೆಯ ದಿನ ಬಟ್ಟೆ ಬಿಚ್ಚಿದ್ದೇ ತಡ, ಮೀಟರಿನ ಅಂಕೆ ಹಿಂದಿನ ದಿನಕ್ಕಿಂತ ಮೇಲೇರಿತು.

ಅಪ್ಪ ಹಿಗ್ಗಿದರು. “ಇದನ್ನೇ ಬರ್ಕೊಂಡ್ಬಿಡ್ರಿ ಮೇಡಂ, ಚೆನ್ನಾಗೈತೆ.”

ಮೇಡಂ ಬರೆಯದೆ ಪ್ಯಾನೆಲ್ ಕೆಳಗೆ ಬಗ್ಗಿದರು. ಅಲ್ಲಿಗೆ ಕಾಗೆ ಬರುವುದಿಲ್ಲವೆಂದು ಅವ್ವ ಬಿಳಿ ಪಂಚೆಗಳನ್ನು ಅರ್ಧ ನೆರಳಿಗೆ, ಅರ್ಧ ಬಿಸಿಲಿಗೆ ಹಾಸಿ ಸಂಡಿಗೆ ಒಣಹಾಕಿದ್ದಳು. ಆ ಬಿಳುಪಿಗೆ ಬಡಿದ ಬಿಸಿಲು ಪ್ಯಾನೆಲ್ಲಿನ ಬೆನ್ನಿಗೆ ಚಿಮ್ಮುತ್ತಿತ್ತು.

“ಅಮ್ಮಾರೆ, ವರ್ಷಪೂರ್ತಿ ಸಂಡಿಗೆ ಹಾಕ್ತೀರೇನ್ರಿ?” ಎಂದರು ಮೇಡಂ.

“ಮಳೆಗಾಲದಾಗೆ ಹೆಂಗೆ ಹಾಕಾಕಾಗುತ್ತೆ ತಾಯಿ?” ಎಂದಳು ಅವ್ವ.

“ಹಂಗಾದ್ರೆ ಇದು ಸಂಡಿಗೆ ಕರೆಂಟು. ಬರೆಯಾಕಾಗಲ್ಲ.”

ಅಪ್ಪನ ಮುಖ ಸಪ್ಪಗಾಯಿತು. ಅವ್ವ ನಗುತ್ತಲೇ ಪಂಚೆಗಳನ್ನು ಎಳೆದುಕೊಂಡಳು. ಅಂಕೆ ಇಳಿಯಿತು, ಮೇಡಂ ಅದನ್ನೇ ಬರೆದುಕೊಂಡರು.

ಹೊರಡುವಾಗ ಅವ್ವ ಅವರ ಕೈಗೆ ಒಂದು ಪೊಟ್ಟಣ ಸಂಡಿಗೆ ಇಟ್ಟಳು. “ಗರಿಗರಿ ಒಣಗ್ಯಾವೆ, ತಗೊಳ್ರಿ.”

ಮೇಡಂ ಒಂದನ್ನು ತೆಗೆದು, ತಿರುವಿ, ಹೆಬ್ಬೆರಳಿನಿಂದ ಒತ್ತಿ ನೋಡಿ ಪೊಟ್ಟಣವನ್ನು ವಾಪಸು ಕೊಟ್ಟರು.

“ಬೆನ್ನು ಇನ್ನೂ ಹಸಿ ಐತ್ರೀ. ನಾಳೆ ಬಂದು ಒಯ್ತೀನಿ.”