ಹೆಣ್ಣು ನೋಡುವ ಬಲ್ಬು

ಹೆಣ್ಣು ನೋಡುವ ಶಾಸ್ತ್ರಕ್ಕೆಂದೇ ಬಲ್ಬು ಕೊಳ್ಳುವವರಿದ್ದಾರೆ ಎಂದರೆ ನೀವು ನಗಬಹುದು. ನಗುವವರು ಮದುವೆಯ ಸೀಸನ್ನಿನಲ್ಲಿ ಒಂದು ಶನಿವಾರ ತುಮಕೂರಿನ ಬಿ.ಎಚ್. ರಸ್ತೆಯ ಅನಂತರಾಜು ಅವರ ಲೈಟ್ ಅಂಗಡಿಗೆ ಹೋಗಿ ನಿಂತು ನೋಡಲಿ. ಯಾರೋ ಒಬ್ಬ ತಾಯಿ ಬರುತ್ತಾಳೆ. ಕೌಂಟರಿನ ಗಂಡಸರನ್ನೆಲ್ಲ ದಾಟಿ ನೇರವಾಗಿ ಅಲ್ಲಿ ಕೆಲಸಕ್ಕಿರುವ ಸರ್ವಮಂಗಳಳ ಹತ್ತಿರ ಹೋಗಿ ದನಿ ತಗ್ಗಿಸುತ್ತಾಳೆ.

"ನಾಳೆ ನಮ್ಮ ಹುಡುಗೀನ ನೋಡೋಕೆ ಬತ್ತಾವ್ರೆ. ಹಾಲ್‌ಗೆ ಒಂದು ಒಳ್ಳೆ ಬಲ್ಬ್ ಕೊಡಮ್ಮ."

ಸರ್ವಮಂಗಳ ಹೆಚ್ಚು ಕೆದಕುವುದಿಲ್ಲ. ಗೋಡೆಗೆ ಯಾವ ಬಣ್ಣ, ಹುಡುಗಿ ಎಲ್ಲಿ ಕೂರುತ್ತಾಳೆ ಎಂದಷ್ಟೇ ಕೇಳಿ, ಹಳದಿ ಬೆಳಕಿನ ಎಲ್‌ಇಡಿ ಬಲ್ಬೊಂದನ್ನು ಎತ್ತಿ ಕೊಡುತ್ತಾಳೆ. "ಟ್ಯೂಬ್‌ಲೈಟ್ ಆಫ್ ಮಾಡ್ಬಿಡಿ. ಇದನ್ನ ಹುಡುಗಿ ಎದುರಿಗಿರೋ ಗೋಡೆಗೆ ಹಾಕ್ಸಿ. ತಲೆ ಮೇಲೆ ಬೇಡ, ಕಣ್ಣಿನ ಕೆಳಗೆ ನೆರಳು ಬೀಳುತ್ತೆ." ತಾಯಿ ಡಬ್ಬಿಯನ್ನು ಬ್ಯಾಗಿನೊಳಗೆ ಸೊಪ್ಪಿನ ಕೆಳಗೆ ಮುಚ್ಚಿಟ್ಟುಕೊಂಡು ಹೋಗುತ್ತಾಳೆ.

ಬಿಳಿ ಬೆಳಕು ಕಪ್ಪು ಮುಖಕ್ಕೆ ಬೂದಿ ಬಳಿದಂತೆ ಮಾಡುತ್ತದೆ, ಒಳ್ಳೆಯ ಹಳದಿ ಬೆಳಕು ಅದೇ ಮುಖವನ್ನು ಎಣ್ಣೆಗೆಂಪಾಗಿ ತೋರಿಸುತ್ತದೆ. ಇದನ್ನು ಸರ್ವಮಂಗಳ ಹನ್ನೆರಡು ವರ್ಷ ಆ ಅಂಗಡಿಯಲ್ಲಿ ನಿಂತು ಕಲಿತಿದ್ದಳು. ಕಲಿಯಲು ಬೇಕಾದ ಕಪ್ಪು ಮುಖ ಅವಳ ಹತ್ತಿರವೇ ಇತ್ತು.

ಅಂಗಡಿಯ ಹಿಂಭಾಗದಲ್ಲಿ ಪ್ಲೈವುಡ್ಡಿನ ಒಂದು ಪೆಟ್ಟಿಗೆಯಿದೆ. ಒಳಗೆ ಮೂರು ಗೂಡು, ಗೂಡಿಗೊಂದು ಬಗೆಯ ಬೆಳಕು: ಹಳದಿ, ನಸುಬಿಳಿ, ಹಾಲುಬಿಳಿ. ಯಾವ ಲೈಟು ತೆಗೆದುಕೊಳ್ಳಬೇಕೆಂದು ಗಿರಾಕಿ ಗೊಂದಲಕ್ಕೆ ಬಿದ್ದರೆ ಅವರನ್ನು ಸರ್ವಮಂಗಳ ಅಲ್ಲಿಗೆ ಕರೆದೊಯ್ದು, ಮೊದಲು ಒಂದು ಬಟ್ಟೆಯ ತುಂಡನ್ನು, ಆಮೇಲೆ ತನ್ನ ಕೈಯನ್ನು ಮೂರರಲ್ಲೂ ಇಟ್ಟು ತೋರಿಸುತ್ತಾಳೆ. ಕೈ ಇಡುವುದನ್ನು ಶುರು ಮಾಡಿಸಿದವರು ಅನಂತರಾಜು. "ನಿನ್ ಕೈಯೇ ಇಡಮ್ಮ, ಕಪ್ಪು ಕೈಲಿ ಡಿಫರೆನ್ಸ್ ಚೆನ್ನಾಗಿ ಗೊತ್ತಾಗುತ್ತೆ" ಎಂದಿದ್ದರು. ಮನುಷ್ಯ ಕೆಟ್ಟವರಲ್ಲ, ವ್ಯಾಪಾರದ ಮಾತು ಅದು. ಆ ದಿನ ಅವಳು ಮಧ್ಯಾಹ್ನದ ಬುತ್ತಿ ಬಿಚ್ಚದೆ ಹಾಗೇ ವಾಪಸು ಒಯ್ದಿದ್ದಳು. ಹನ್ನೆರಡು ವರ್ಷದಲ್ಲಿ ಅಭ್ಯಾಸವಾಯಿತು. ಅಭ್ಯಾಸ ಎಷ್ಟರಮಟ್ಟಿಗೆ ಎಂದರೆ ಪೆಟ್ಟಿಗೆಯ ಮುಂದೆ ನಿಂತರೆ ಕೈ ತಾನಾಗಿಯೇ ಒಳಗೆ ಹೋಗುತ್ತಿತ್ತು.

ಮನೆ ಮರಳೂರಿನಲ್ಲಿ, ತಾಯಿ ಬಸವಲಿಂಗಮ್ಮನ ಜೊತೆ. ತಂದೆ ಹೋಗಿ ಬಹಳ ವರ್ಷವಾಗಿತ್ತು. ಇಪ್ಪತ್ತೆರಡಕ್ಕೇ ಹೆಣ್ಣು ನೋಡಲು ಬರುವವರು ಶುರುವಾಗಿ, ಮೂವತ್ತಮೂರರ ಹೊತ್ತಿಗೆ ಏಳು ಕಡೆಯವರು ಬಂದು ಬಸವಲಿಂಗಮ್ಮನ ಕೇಸರಿಬಾತು ತಿಂದು ಹೋಗಿದ್ದರು. ಬಾಯಿ ಬಿಟ್ಟು ಕಪ್ಪು ಎಂದವರು ಒಬ್ಬರೂ ಇಲ್ಲ. ಒಬ್ಬರಿಗೆ ಜಾತಕ ಕೂಡಲಿಲ್ಲ, ಒಬ್ಬರಿಗೆ ಹುಡುಗಿಯ ಎತ್ತರ ಹೆಚ್ಚಾಯಿತು, ಒಬ್ಬರ ಮನೆಯಲ್ಲಿ ಇದ್ದಕ್ಕಿದ್ದಂತೆ ಯಾರಿಗೋ ಹುಷಾರು ತಪ್ಪಿತು. ನಮ್ಮ ಜನಕ್ಕೆ ಇಂಥ ಕಡೆ ಮಾತ್ರ ಎಲ್ಲಿಲ್ಲದ ದಾಕ್ಷಿಣ್ಯ.

ಆ ಏಳು ಸಲವೂ ಹಾಲಿನಲ್ಲಿ ಉರಿದದ್ದು ಹಾಲುಬಿಳಿಯ ಟ್ಯೂಬೇ. ಊರಿನ ಹುಡುಗಿಯರಿಗೆಲ್ಲ ಹಳದಿ ಬಲ್ಬು ಆರಿಸಿ ಕೊಟ್ಟವಳು ತನಗೆ ಮಾತ್ರ ಒಂದನ್ನು ತಂದುಕೊಂಡಿರಲಿಲ್ಲ. "ಬಲ್ಬ್ ನೋಡಿ ಒಪ್ಕೊಳೋರು ನನಗೆ ಬೇಡ" ಎನ್ನುತ್ತಿದ್ದಳು. ಅದು ಇಪ್ಪತ್ತೈದರ ಜಂಬ. ಮೂವತ್ತಮೂರಕ್ಕೆ ಆ ಜಂಬವೂ ಸುಸ್ತಾಗಿತ್ತು.

ಎಂಟನೆಯದನ್ನು ತಂದವನು ಸೋದರಮಾವ ಶಿವಮೂರ್ತಿ, ಕುಣಿಗಲ್ಲಿನವನು. ಹುಡುಗ ಪ್ರಭುದೇವ, ಗುಬ್ಬಿಯಲ್ಲಿ ಹೈಸ್ಕೂಲ್ ಮೇಷ್ಟ್ರು. ಮೂವತ್ತೆಂಟು ವಯಸ್ಸು, ತಾಯಿಯೊಬ್ಬಳೇ, ಒಂದು ತೆಂಗಿನ ತೋಟ, ಸೈಟಿನಲ್ಲಿ ಮನೆ ಏಳುತ್ತಿತ್ತು. ಅವರು ಬರುವ ಹಿಂದಿನ ಸಂಜೆ ಸರ್ವಮಂಗಳ ಅಂಗಡಿಯಿಂದ ಒಂದು ಡಬ್ಬಿ ತಂದಳು. ಸಾಮಾನ್ಯದ್ದಲ್ಲ, ಸೀರೆ ಅಂಗಡಿಯವರು ಬಣ್ಣ ಸರಿಯಾಗಿ ಕಾಣಲೆಂದು ಕೊಂಡೊಯ್ಯುವ ದುಬಾರಿ ಹಳದಿ ಬಲ್ಬು. ಸ್ಟೂಲು ಹತ್ತಿ, ಬಾಗಿಲ ಮೇಲಿನ ಹೋಲ್ಡರಿಗೆ ತಾನೇ ಹಾಕಿದಳು. ಪಕ್ಕದ ಸೈಟಿನವರು ಮೂರಂತಸ್ತು ಎಬ್ಬಿಸಿದ ಮೇಲೆ ಇವರ ಹಾಲಿಗೆ ಹಗಲಲ್ಲೂ ಲೈಟು ಬೇಕಿತ್ತು, ಹಾಗಾಗಿ ಬಿಸಿಲಿನ ಕಾಟವೂ ಇರಲಿಲ್ಲ. ಬಸವಲಿಂಗಮ್ಮ ಕೆಳಗೆ ಸ್ಟೂಲು ಹಿಡಿದುಕೊಂಡು ಮಗಳ ಮುಖವನ್ನೇ ನೋಡುತ್ತಿದ್ದಳು.

"ಹತ್ತು ವರ್ಸದ ಹಿಂದೇನೇ ಇದನ್ನ ತಂದಿದ್ರೆ ನಾನು ಇಷ್ಟೊತ್ಗೆ ಮೊಮ್ಮಕ್ಳನ್ನ ಆಡುಸ್ತಿದ್ದೆ" ಎಂದಳು.

ಪ್ರಭುದೇವ ಬಂದ. ಹಿಂದಿನ ಏಳು ಜನ ಅಡುಗೆ ಬರುತ್ತದಾ, ಮದುವೆಯಾದ ಮೇಲೆ ಕೆಲಸ ಬಿಡುತ್ತೀಯಾ ಎಂದು ಕೇಳಿದ್ದರು. ಇವನು ಅಂಗಡಿಯಲ್ಲಿ ನೀವು ಏನು ಮಾಡುತ್ತೀರಿ ಎಂದು ಕೇಳಿದ. ಅವಳು ಹೇಳಿದಳು. ಅಡುಗೆಮನೆಯಲ್ಲಿ ಹೆಂಗಸಿನ ಬೆನ್ನ ಹಿಂದೆ ಲೈಟಿದ್ದರೆ ಹೆಚ್ಚುವ ತರಕಾರಿಯ ಮೇಲೆ ಅವಳ ನೆರಳೇ ಬೀಳುತ್ತದೆ, ಆದರೂ ನೂರಕ್ಕೆ ತೊಂಬತ್ತು ಮನೆಯಲ್ಲಿ ಹಾಗೇ ಹಾಕಿಸುತ್ತಾರೆ, ಯಾಕೆಂದರೆ ಪಾಯಿಂಟ್ ಎಲ್ಲಿರಬೇಕೆಂದು ಹೇಳುವವರು ಅಡುಗೆ ಮಾಡುವವರಲ್ಲ. ಪ್ರಭುದೇವ ನಕ್ಕ. ಇನ್ನೂ ಕೇಳಿದ. ಅರ್ಧ ಗಂಟೆ ಮಾತಾಡಿದರು. ಅವನ ತಾಯಿ ಕರಿಬಸಮ್ಮ ಅಷ್ಟು ಹೊತ್ತೂ ಹುಡುಗಿಯ ಮುಖ ನೋಡಿ, ಎದ್ದು ಹೋಗುವಾಗ "ಲಕ್ಷಣವಾಗವ್ಳೆ" ಎಂದರು. ಮೂರನೆಯ ದಿನ ಒಪ್ಪಿಗೆ ಬಂತು. ಎಲೆ ಅಡಿಕೆ ಶಾಸ್ತ್ರ ಯಡಿಯೂರಿನಲ್ಲಿ, ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲಿ ಆಗಲಿ ಎಂದೂ ಅವರೇ ಹೇಳಿದರು.

ಸರ್ವಮಂಗಳ ಖುಷಿಪಟ್ಟಳು, ಅದನ್ನು ಮುಚ್ಚಿಡುವುದೇಕೆ. ಮದುವೆಯೊಂದು ಆದರೆ ಸಾಕು ಎಂಬ ಖುಷಿಯಲ್ಲ ಅದು. ಅವನೇ ಬೇಕು ಅನ್ನಿಸಿತ್ತು. ಅವಳ ಮಾತನ್ನು ಅರ್ಧ ಗಂಟೆ ಕೂತು ಕೇಳಿದ ಗಂಡಸು, ಗಿರಾಕಿಗಳನ್ನು ಬಿಟ್ಟರೆ, ಅವನೊಬ್ಬನೇ. ಹದಿನೈದು ದಿನ ಅವಳು ಬೇರೆಯವರ ಮನೆಗೆ ಲೈಟು ಆರಿಸುತ್ತಾ ಮನಸ್ಸಿನಲ್ಲಿ ಗುಬ್ಬಿಯ ಮನೆಯೊಳಗೆ ಓಡಾಡಿದಳು. ಹಾಲಿಗೆ ಏನು, ದೇವರ ಮನೆಗೆ ಏನು ಎಂದು ಕೋಣೆ ಕೋಣೆಗೂ ಒಂದು ಹಾಳೆಯ ಮೇಲೆ ಪಟ್ಟಿ ಬರೆದಳು. ಅಡುಗೆಮನೆಯ ಲೈಟನ್ನು ತಾನು ನಿಲ್ಲುವ ಕಟ್ಟೆಯ ನೇರಕ್ಕೆ, ಕಪಾಟಿನ ಕೆಳಗೆ ಬರೆದಳು.

ಮನೆಗೆ ಲೈಟು ಆರಿಸಲು ಒಂದು ಶನಿವಾರ ಸ್ಕೂಲು ಬಿಟ್ಟ ಮೇಲೆ ಪ್ರಭುದೇವ ತಾಯಿಯನ್ನು ಕರೆದುಕೊಂಡು ಅಂಗಡಿಗೆ ಬಂದ. ಅನಂತರಾಜು ಬೀಗರನ್ನು ಉಪಚರಿಸುವಂತೆ ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಕರಿಬಸಮ್ಮ ಕಾಫಿ ಕುಡಿಯುತ್ತಾ ಎರಡು ಮೂರು ಸಲ ಸರ್ವಮಂಗಳಳ ಮುಖವನ್ನು ಹುಬ್ಬುಗಂಟಿಕ್ಕಿ ನೋಡಿದರು. ಅಂಗಡಿಯ ತುಂಬ ನೂರಾರು ಬಿಳಿ ಲೈಟು ಉರಿಯುತ್ತಿದ್ದವು. ಸರ್ವಮಂಗಳ ಪಟ್ಟಿ ತೋರಿಸುವ ಉತ್ಸಾಹದಲ್ಲಿ ಅದನ್ನೆಲ್ಲ ಗಮನಿಸಲಿಲ್ಲ.

"ಹಾಲ್‌ಗೆ ಹಳದಿ, ಅಡುಗೆಮನೆಗೆ ಬಿಳಿ ಅಂತ ಬರ್ದಿದೀಯಲ್ಲವ್ವ" ಎಂದರು ಕರಿಬಸಮ್ಮ. "ಎರಡೂ ಬೆಳಕೇ ತಾನೆ. ಏನ್ ವ್ಯತ್ಯಾಸ?"

ಆ ಪ್ರಶ್ನೆಯನ್ನು ಹನ್ನೆರಡು ವರ್ಷದಲ್ಲಿ ಎಷ್ಟು ಸಾವಿರ ಜನ ಕೇಳಿದ್ದರೋ. ಇವರು ಅತ್ತೆಯಾಗುವವರು ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಮರೆತೇ ಹೋಯಿತು. "ಇಲ್ ಬನ್ನಿ ಅಮ್ಮ, ತೋರಿಸ್ತೀನಿ" ಎಂದು ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋದಳು. ಮೊದಲು ಬಟ್ಟೆಯ ತುಂಡು. ಆಮೇಲೆ ಕೈ.

"ನೋಡಿ, ಹಳದೀಲಿ ಕೈ ಹೆಂಗೆ ಕೆಂಪಗೆ ಕಾಣುತ್ತೆ. ಅದೇ ಕೈ ಬಿಳೀಲಿ ನೋಡಿ" ಎಂದಳು. ಹೇಳಿದ ಮೇಲೆ ಎದುರಿಗಿರುವವರು ಯಾರೆಂದು ನೆನಪಾಯಿತು. ಕೈ ಹಿಂದಕ್ಕೆ ಎಳೆದುಕೊಳ್ಳುವಷ್ಟು ಹೊತ್ತಿರಲಿಲ್ಲ.

ಕರಿಬಸಮ್ಮ ತಮ್ಮ ಕೈಯನ್ನೂ ಒಳಗಿಟ್ಟರು. ಹಾಲುಬಿಳಿಯ ಬೆಳಕಿನಲ್ಲಿ ಎರಡು ಕೈಗಳು ಅಕ್ಕಪಕ್ಕ ಇದ್ದವು. ಒಂದರಲ್ಲಿ ಸುಕ್ಕು ಮತ್ತು ಹಸಿರು ಬಳೆ, ಇನ್ನೊಂದರಲ್ಲಿ ವಾಚು. ಬಣ್ಣದಲ್ಲಿ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಕರಿಬಸಮ್ಮ ಬಹಳ ಹೊತ್ತು ನೋಡಿದರು.

"ನಾವು ಬಂದ ದಿನ ನಿಮ್ಮನೇಲಿ ಉರೀತಿದ್ದಿದ್ದು ಯಾವ್ದವ್ವ?"

"ಹಳದೀದು."

"ಮೊದ್ಲಿಂದ್ಲೂ ಅದೇ ಇತ್ತಾ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಬಲ್ಬಿನ ವಿಷಯದಲ್ಲಿ ಸುಳ್ಳು ಹೇಳಿ ಅವಳಿಗೆ ರೂಢಿಯಿರಲಿಲ್ಲ. ಗಿರಾಕಿ ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆಂದೇ ಗುಬ್ಬಿ, ಕುಣಿಗಲ್ಲಿನಿಂದೆಲ್ಲ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದುದು.

"ಇಲ್ಲ. ನೀವು ಬರೋ ಹಿಂದಿನ ದಿನ ನಾನೇ ಹಾಕ್ದೆ" ಎಂದಳು.

ಕರಿಬಸಮ್ಮ ಕೈಯನ್ನು ಹೊರಗೆ ತೆಗೆದು, ಏನೋ ಮೆತ್ತಿಕೊಂಡಿದೆಯೆಂಬಂತೆ ಸೆರಗಿಗೆ ಒರೆಸಿಕೊಂಡರು. ಜಗಳವಿಲ್ಲ, ಒಂದು ಗಡಸು ಮಾತಿಲ್ಲ. "ಪಟ್ಟಿ ಕೊಟ್ಟಿರವ್ವ, ಮನೆಗ್ ಹೋಗಿ ನೋಡ್ತೀವಿ" ಎಂದಷ್ಟೇ ಹೇಳಿ ಹೊರಟರು. ಪ್ರಭುದೇವ ಅಷ್ಟು ಹೊತ್ತೂ ಅಲ್ಲೇ ಇದ್ದ. ಗೋಡೆಗೆ ನೇತುಹಾಕಿದ್ದ ರಿಬ್ಬನ್ನಿನಂಥ ಲೈಟೊಂದನ್ನು ಬೆರಳಲ್ಲಿ ಬಗ್ಗಿಸಿ ನೋಡುತ್ತಿದ್ದವನು, ತಾಯಿ ಮೆಟ್ಟಿಲಿಳಿದ ಮೇಲೆ ಪಟ್ಟಿಯ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹಿಂದೆಯೇ ಇಳಿದುಹೋದ.

ನಾಲ್ಕನೆಯ ದಿನ ಶಿವಮೂರ್ತಿ ಬಂದು, ಜಗಲಿಯ ಮೇಲೇ ಕೂತು ಹೇಳಿದ. "ಆಯಮ್ಮ ಬ್ಯಾಡ ಅಂದ್ಬುಟ್ಲು ಅಕ್ಕ. 'ಅತ್ತೆಮನೇಲಿ ಕರಿಕಾಗೆ ಅನ್ನಿಸ್ಕೊಂಡು ನಲವತ್ತು ವರ್ಸ ಬಾಳಿದೀನಿ. ನಮ್ಮನೆಗೆ ನಾನೊಬ್ಳು ಸಾಕು' ಅಂದ್ಲು. ನಾನೇನ್ ಹೇಳ್ಳಿ."

ಸರ್ವಮಂಗಳ ಒಳಗಿನಿಂದ ಕೇಳಿಸಿಕೊಂಡಳು. ಯಾರೋ ಬೆಳ್ಳಗಿನವಳು ತಿರಸ್ಕರಿಸಿದ್ದರೆ ಮನಸ್ಸಿನಲ್ಲೇ ನಾಲ್ಕು ಬೈದು ಹಗುರಾಗಬಹುದಿತ್ತು. ತನ್ನಷ್ಟೇ ಕಪ್ಪಾದ ಕೈಯಿಟ್ಟು, ತಾನು ಉಂಡ ನೋವನ್ನೆಲ್ಲ ಉಂಡವಳೇ ಬೇಡವೆಂದಳಲ್ಲ. ಅದಕ್ಕೆ ಯಾವ ಬೈಗುಳವೂ ಹೊಂದಲಿಲ್ಲ.

ಬಸವಲಿಂಗಮ್ಮನ ಸಿಟ್ಟೆಲ್ಲ ಮಗಳ ಮೇಲೆ ತಿರುಗಿತು. "ಮೊದ್ಲಿಂದ್ಲೂ ಅದೇ ಇತ್ತು ಅಂದಿದ್ರೆ ನಿನ್ ಗಂಟೇನೇ ಹೋಯ್ತಿತ್ತು? ಊರಿಗೆಲ್ಲ ಬಲ್ಬ್ ಕೊಟ್ಟು ಮದ್ವೆ ಮಾಡ್ಸಿದ್ಯಲ್ಲ, ನಿನ್ ಬಾಯಿ ನೀನು ಹಿಡ್ಕೊಳೋಕ್ ಆಗ್ಲಿಲ್ವ?" ಎಂದು ಅತ್ತಳು. ಸರ್ವಮಂಗಳ ಮಾರನೆಯ ದಿನ ಎಂದಿನಂತೆ ಒಂಬತ್ತೂವರೆಗೆ ಅಂಗಡಿಯಲ್ಲಿದ್ದಳು. ಅನಂತರಾಜು ವಿಷಯ ತಿಳಿದು, ಪೆಟ್ಟಿಗೆಯನ್ನು ಗೋಡೌನಿಗೆ ಹಾಕಿಸಲಾ ಎಂದು ಕೇಳಿದರು. ಬೇಡ ಸರ್, ಗಿರಾಕಿಗಳಿಗೆ ಬೇಕಾಗುತ್ತೆ ಎಂದಳು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಪ್ರಭುದೇವನಿಂದ ಫೋನು ಬಂತು. ಹೆಸರು ಕಂಡದ್ದೇ ತಾಯಿಯ ಮಾತು ಮೀರಿ ಬಂದನೇ ಎಂದುಕೊಂಡಳು. ಆ ಒಂದು ಕ್ಷಣದ ಆಸೆಗೆ ಆಮೇಲೆ ಎಷ್ಟೋ ದಿನ ತನ್ನನ್ನು ತಾನೇ ಶಪಿಸಿಕೊಂಡಳು.

"ಮೇಡಂ, ಬಿಜಿ ಇದೀರಾ" ಎಂದ ಅವನು. ಹೋದ ಸಲ ಹೆಸರು ಹಿಡಿದು ಕರೆದಿದ್ದ.

"ಇಲ್ಲ, ಹೇಳಿ."

"ನನಗೇನೂ ನಿಮ್ಮ ಮೇಲೆ ಬೇಜಾರಿಲ್ಲ. ಅಮ್ಮನ ಮಾತು ಮೀರೋಕಾಗಲ್ಲ, ನಿಮಗೇ ಗೊತ್ತಲ್ಲ. ಅದಿರ್ಲಿ, ನಮ್ ಎಲೆಕ್ಟ್ರಿಷಿಯನ್ ನಿಮ್ ಪಟ್ಟಿ ನೋಡ್ದ. ಇಷ್ಟ್ ಚೆನ್ನಾಗಿ ಯಾರೂ ಬರ್ಕೊಟ್ಟಿಲ್ಲ ಅಂದ. ಅದರಲ್ಲಿರೋ ಹಾಗೇ ಎಲ್ಲಾ ಕಳ್ಸಿಬಿಡಿ."

ಅವಳು ಪೆನ್ನು ಎತ್ತಿಕೊಂಡಳು. ಹಾಲು, ದೇವರ ಮನೆ, ಅಡುಗೆಮನೆ ಎಂದು ಒಂದೊಂದನ್ನೇ ನೆನಪಿನಿಂದಲೇ ಹೊಸ ಹಾಳೆಗೆ ಬರೆಯುತ್ತಾ ಹೇಳಿ ಖಚಿತ ಮಾಡಿಕೊಂಡಳು. ಅಡುಗೆಮನೆಯ ಲೈಟು ಕಪಾಟಿನ ಕೆಳಗೇ ಬರಬೇಕು, ಎಲೆಕ್ಟ್ರಿಷಿಯನ್ನಿಗೆ ಮರೆಯದೆ ಹೇಳಿ ಎಂದೂ ಸೇರಿಸಿದಳು.

"ಬೆಡ್‌ರೂಮಿಗೆ ಮಾತ್ರ ನೀವೇನೂ ಬರ್ದಿಲ್ಲ" ಎಂದ ಪ್ರಭುದೇವ.

ಬರೆದಿರಲಿಲ್ಲ. ಅತ್ತೆಯ ಕಣ್ಣಿಗೆ ಬೀಳುವ ಹಾಳೆಯಲ್ಲಿ ಅದನ್ನು ಬರೆಯಲು ನಾಚಿಕೆಯಾಗಿತ್ತು.

"ನಿಮ್ಮನೆಗೆ ಬೆಳ್ಳಗಿರೋರು ಬರ್ತಾರಲ್ಲ ಸರ್" ಎಂದಳು. "ಅವ್ರಿಗೆ ಯಾವ ಲೈಟ್ ಹಾಕಿದ್ರೂ ನಡೆಯುತ್ತೆ."

ಅವನಿಗೆ ಚುಚ್ಚಿರಬೇಕು, ಏನಾದರೂ ಹೇಳುತ್ತಾನೆ ಎಂದು ಅವಳು ಕಾದಳು.

"ಹಂಗಾದ್ರೆ ನೀವೇ ಯಾವ್ದಾದ್ರೂ ಚೆನ್ನಾಗಿರೋದು ಒಂದು ಸೇರ್ಸಿಬಿಡಿ ಮೇಡಂ" ಎಂದು ಅವನು ಫೋನು ಇಟ್ಟ.

ಯಾವುದಾದರೂ ಕಣ್ಣು ಚುಚ್ಚುವ ಬಿಳಿಯದನ್ನು ಬರೆದು ಕೈ ತೊಳೆದುಕೊಳ್ಳೋಣ ಅನ್ನಿಸಿತು. ಪೆನ್ನು ಹಿಡಿದು ಐದು ನಿಮಿಷ ಕೂತಿದ್ದಳು. ಕೆಟ್ಟದ್ದನ್ನು ಒಳ್ಳೆಯದೆಂದು ಬರೆಯಲು ಕೈ ಬರಲಿಲ್ಲ. ಕೊನೆಗೆ, ಆ ಕೋಣೆಗೆ ತಾನೇ ಹೋಗುವುದಾಗಿದ್ದರೆ ಯಾವುದನ್ನು ಆರಿಸುತ್ತಿದ್ದಳೋ ಅದನ್ನೇ ಬರೆದು, ಹಾಳೆಯನ್ನು ಪ್ಯಾಕಿಂಗಿಗೆ ಕಳಿಸಿದಳು.